ಅಮ್ಮ ಹೇಳದೆ ಉಳಿಸಿಕೊಂಡ ಮಾತು

ಆ ಕೊಲೆಗಾರನನ್ನು ನಾನು ನೋಡಿಲ್ಲ. ಆದರೂ ಅಮ್ಮ ತೀರಿಕೊಂಡ ಮೇಲೆ ಅವನ ನೆನಪು ಬಾರದ ದಿನವಿಲ್ಲ.

ನಾವಾಗ ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಕುಲುಮೆಯಲ್ಲಿ ಕೆಲಸಕ್ಕಿದ್ದರು. ಪಕ್ಕದ ಮನೆಯಲ್ಲಿ ಸೇಲಂ ಕಡೆಯ ತಮಿಳು ಕುಟುಂಬ. ಆ ಮನೆಯಾಕೆ ಅಮ್ಮನನ್ನು ಅಕ್ಕಾ ಎಂದೂ ಅಪ್ಪನನ್ನು ಅಣ್ಣಾ ಎಂದೂ ಕರೆಯುತ್ತಿದ್ದಳು. ಅವಳ ಮಕ್ಕಳು ಅರ್ಧ ಊಟ ನಮ್ಮ ಮನೆಯಲ್ಲೇ ಮಾಡುತ್ತಿದ್ದರು.

ಕೊಲೆಗಳು ಶಿವಮೊಗ್ಗದ ಆಚೆ ಕುಂಸಿ ಕಡೆ ಶುರುವಾದವು. ಗಂಡಸರು ಕೆಲಸಕ್ಕೆ ಹೋದ ಮೇಲೆ ಅವನು ಬಾಗಿಲಿಗೆ ಬಂದು ಕುಡಿಯಲು ನೀರು ಕೇಳುತ್ತಿದ್ದ. ನೀರು ಕೇಳಿದವರಿಗೆ ಒಂದು ಚೂರು ಬೆಲ್ಲವನ್ನೂ ಕೊಡುತ್ತಿದ್ದ ಕಾಲ ಅದು. ತರಲೆಂದು ಹೆಂಗಸು ಒಳಗೆ ತಿರುಗಿದರೆ ಹಿಂದಿನಿಂದ ಹೊಡೆಯುತ್ತಿದ್ದ. ಒಂದು ಮನೆಯಲ್ಲಿ ತೊಟ್ಟಿಲ ಮಗುವನ್ನೂ ಬಿಡಲಿಲ್ಲ. ಕೆಲವು ಕಡೆ ಓಲೆ, ಬಳೆ ಕಿತ್ತುಕೊಂಡ. ಕೆಲವು ಕಡೆ ಏನನ್ನೂ ಮುಟ್ಟಲಿಲ್ಲ.

ನಮ್ಮ ಊರಿನ ಅಂಚಿನಲ್ಲೂ ಒಬ್ಬಾಕೆ ಸತ್ತಾಗ ಅಪ್ಪ ಅಮ್ಮನನ್ನೂ ನನ್ನನ್ನೂ ಶಿವಮೊಗ್ಗದ ಕೋಟೆ ರಸ್ತೆಯಲ್ಲಿದ್ದ ಸೋದರಮಾವನ ತುಂಬಿದ ಮನೆಗೆ ಕಳಿಸಿದರು. ನಾವು ಹೊರಡುವಾಗ ಅಪ್ಪ ಪಕ್ಕದ ಮನೆಯಾಕೆಗೆ, "ಗಂಡಸಿನ ದನಿ ಕೇಳಿದ್ರೆ ಚಿಲಕ ತೆಗೀಬೇಡಮ್ಮ. ನಾನೇ ಬಂದು ಕೂಗಿದ್ರೂ ತೆಗೀಬೇಡ," ಎಂದರು.

"ನಿಮ್ಗೆ ತೆಗೀದೆ ಇರ್ತೀನಾ ಅಣ್ಣಾ? ನಿಮ್ಮ ಕೆಮ್ಮು ಬೀದಿ ಕೊನೆಯಿಂದ್ಲೇ ಕೇಳುತ್ತೆ," ಎಂದು ಅವಳು ನಕ್ಕಳು. ಅಮ್ಮನೂ ನಕ್ಕಳು.

ಆ ವಾರವೇ ಒಂದು ದಿನ ಅಪ್ಪನಿಗೆ ಕೆಲಸದ ನಡುವೆ ಎದೆನೋವು ಬಂತು. ಯಾರಿಗೂ ಹೇಳದೆ ನಡೆದುಕೊಂಡು ಮನೆಗೆ ಬಂದರು. ನಮ್ಮ ಮನೆಗೆ ಬೀಗ. ಅದನ್ನು ತೆಗೆಯುವಷ್ಟೂ ಶಕ್ತಿಯಿರಲಿಲ್ಲವೇನೋ, ಪಕ್ಕದ ಮನೆಯ ಬಾಗಿಲು ಬಡಿದು ನೀರು ಕೇಳಿದರು. ನೋವಿನಲ್ಲಿ ದನಿ ಬೇರೆಯಾಗಿತ್ತು. ಅವಳು ಮಕ್ಕಳ ಬಾಯಿ ಮುಚ್ಚಿ ಒಳಗೇ ಕೂತಳು. ಪಾಳಿ ಮುಗಿಸಿ ಬಂದ ಗಂಡಸರು ಅಪ್ಪನನ್ನು ಆ ಮನೆಯ ಮೆಟ್ಟಿಲ ಮೇಲೆ ನೋಡಿದರು. ಜೀವ ಹೋಗಿತ್ತು.

ನಾವು ಬಂದಾಗ ಅವಳು ಅಮ್ಮನ ಕಾಲು ಹಿಡಿದುಕೊಂಡು, "ಅಣ್ಣಾ ಅಂತ ಗೊತ್ತಾಗ್ಲಿಲ್ಲ ಅಕ್ಕಾ, ಸತ್ಯವಾಗ್ಲೂ ಗೊತ್ತಾಗ್ಲಿಲ್ಲ," ಎಂದು ಅತ್ತಳು. ಅಮ್ಮ ಕಾಲು ಹಿಂದಕ್ಕೆಳೆದುಕೊಂಡಳು. ಒಲೆ ಹಚ್ಚದ ನಮ್ಮ ಮನೆಗೆ ಅವಳು ಕಳಿಸಿದ ಅನ್ನ ಮುಚ್ಚಿದಂತೆಯೇ ಹಿಂದಕ್ಕೆ ಹೋಯಿತು.

ಸ್ವಲ್ಪ ದಿನಗಳಲ್ಲೇ ಆ ಕೊಲೆಗಾರ ಸಿಕ್ಕಿಬಿದ್ದ. ಸೋದರಮಾವ ಅವನನ್ನು ಕೋರ್ಟಿನ ಹತ್ತಿರ ನೋಡಿ ಬಂದರು. "ರಾಕ್ಷಸನ ಥರ ಇರ್ತಾನೆ ಅಂದ್ಕೊಂಡಿದ್ದೆ ಮಾರಾಯ್ತಿ. ಬಡಕಲು ಮನುಷ್ಯ. ಪೊಲೀಸಿನವನ ಹತ್ರ ಬೀಡಿ ಕೇಳ್ತಿದ್ದ," ಎಂದರು. ಮೊದಲು ಬಾವಿ ತೋಡುವ ಕೆಲಸ ಮಾಡುತ್ತಿದ್ದನಂತೆ. ಹೆಂಡತಿ, ಹೆಣ್ಣುಮಕ್ಕಳು ಇದ್ದರಂತೆ. ಯಾಕೆ ಕೊಂದೆ ಎಂದು ಕೇಳಿದರೆ ತಲೆ ತಗ್ಗಿಸುತ್ತಿದ್ದನಂತೆ. ಆಮೇಲೆ ಅವನಿಗೆ ಗಲ್ಲಾಯಿತು. ಅವನು ಕೊಂದವರ ಹೆಸರುಗಳು ಪತ್ರಿಕೆಯಲ್ಲಿ ಬಂದವು. ಅಪ್ಪನ ಹೆಸರು ಅಲ್ಲಿರಲು ಸಾಧ್ಯವಿರಲಿಲ್ಲ.

ಕ್ವಾರ್ಟರ್ಸ್ ಬಿಟ್ಟು ಹೊರಟಾಗ ಪಕ್ಕದ ಮನೆಯಾಕೆ ಕಿಟಕಿಯ ಹಿಂದೆ ನಿಂತಿದ್ದಳು. ಅಮ್ಮ ಆ ಕಡೆ ನೋಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಹಾಸಿಗೆ ಹಿಡಿದಿದ್ದಾಗ, ಒಂದು ಬೆಳಿಗ್ಗೆ ಅಮ್ಮ ತಾನಾಗಿಯೇ ಮಾತು ತೆಗೆದಳು. "ಪಕ್ಕದ ಮನೆಯವಳು ಬಾಗಿಲು ತೆಗೆದು ನೀರು ಕೊಟ್ಟಿದ್ರೂ ನಿಮ್ಮಪ್ಪ ಉಳೀತಿರ್ಲಿಲ್ಲ ಅಂತ ಡಾಕ್ಟ್ರು ಅವತ್ತೇ ಹೇಳಿದ್ರು ಕಣೇ. ಅವಳಿಗೆ ನಾನು ಹೇಳ್ಲಿಲ್ಲ. ಹೇಳಿದ್ರೆ ಅವಳಿಗೆ ಹಗುರಾಗ್ತಿತ್ತು. ಹಗುರಾಗೋದು ಬೇಡ ಅನ್ನಿಸ್ತು."

ಅಮ್ಮನ ಕಾರ್ಯಗಳೆಲ್ಲ ಮುಗಿದ ಮೇಲೆ ಅವಳಿಗೆ ಅದನ್ನು ಹೇಳಲೆಂದು ಭದ್ರಾವತಿಗೆ ಹೋಗಿಬಂದೆ. ಆ ಮನೆಯಲ್ಲಿ ಬೇರೆಯವರಿದ್ದಾರೆ. ಸಾಲಿನ ಕೊನೆಯಲ್ಲಿದ್ದ ಮುದುಕಿಯೊಬ್ಬರಿಗೆ ಮಾತ್ರ ಅವಳ ನೆನಪಿತ್ತು. ಅಲ್ಲಿದ್ದಷ್ಟು ವರ್ಷವೂ ಅಪ್ಪ ಸತ್ತ ದಿನ ಅವಳು ಊಟ ಮಾಡುತ್ತಿರಲಿಲ್ಲವಂತೆ. ಆಮೇಲೆ ಸೇಲಂ ಕಡೆಗೇ ಹೊರಟುಹೋದಳಂತೆ. ಅಲ್ಲಿ ಎಲ್ಲಿದ್ದಾಳೆ ಎಂದು ಕೇಳಿದೆ. "ಬದುಕಿದಾಳೋ ಇಲ್ವೋ, ಅದೂ ಗೊತ್ತಿಲ್ಲ ತಾಯಿ," ಎಂದರು.