ಶುದ್ಧ ಸಂಗೀತಕ್ಕೆ ಕುರಿಯ ಕರುಳು

ಹೋದ ಭಾನುವಾರ ಕೊಟ್ಟೂರಿನಲ್ಲಿ ಒಬ್ಬ ಅಜ್ಜಿ ಯುರೋಪಿನ ಇಡೀ ವಾದ್ಯಮೇಳವನ್ನು ಮನೆಯಿಂದ ಆಚೆ ಹಾಕಿದರು. ಕಾರಣ, ಕುರಿ.

ನಿಧಾನಕ್ಕೆ ಹೇಳುತ್ತೇನೆ.

ನನಗೊಂದು ಹುಚ್ಚಿದೆ. ಊಟದ ಬಿಡುವಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಯುರೋಪಿನ ಹಳೆಯ ‘ಮಾಸ್’ಗಳನ್ನು ಕೇಳುತ್ತೇನೆ. ಚರ್ಚಿನ ಪೂಜೆಗೆಂದು ಇನ್ನೂರು ವರ್ಷಕ್ಕೂ ಹಿಂದೆ ಕಟ್ಟಿದ ಸಮೂಹಗಾನ ಅದು. ಭಾಷೆ ಲ್ಯಾಟಿನ್. ಒಂದಕ್ಷರ ಅರ್ಥವಾಗುವುದಿಲ್ಲ. (ಆಫೀಸಿನ ಸುತ್ತೋಲೆಗಳೂ ಅರ್ಥವಾಗುವುದಿಲ್ಲ. ಅವಕ್ಕೆ ರಾಗವೂ ಇರುವುದಿಲ್ಲ.) ಅಷ್ಟೂ ಜನ ಒಟ್ಟಿಗೆ ದನಿ ಎತ್ತಿದಾಗ ಎದೆ ತುಂಬಿ ಬರುತ್ತದೆ. ನನಗೆ ಅಷ್ಟು ಸಾಕು.

ಕೊಟ್ರೇಶಪ್ಪನಿಗೆ ಸಾಲಲಿಲ್ಲ. ಈತ ನನ್ನ ಗೆಳೆಯ, ಶೇಂಗಾ ವ್ಯಾಪಾರಿ. ಇತ್ತೀಚೆಗೆ ಬೀರುವಿನಷ್ಟು ಎತ್ತರದ ಸ್ಪೀಕರ್ ಕೊಂಡು, ಇಂಟರ್‌ನೆಟ್ಟಿನಲ್ಲಿ ಓದಿ ಓದಿ ಸಂಗೀತ ಪಂಡಿತನಾಗಿದ್ದಾನೆ. ಏನೋ ಕೆಲಸಕ್ಕೆ ಆಫೀಸಿಗೆ ಬಂದವನು ನನ್ನ ಒಂದು ಇಯರ್‌ಫೋನ್ ಕಿತ್ತು ತನ್ನ ಕಿವಿಗಿಟ್ಟುಕೊಂಡ. ಹಸಿ ಹುಣಸೆಕಾಯಿ ಕಚ್ಚಿದವನ ಮುಖವಾಯಿತು.

“ಏನ್ರಿ ಇದು? ಮಾಡರ್ನ್ ವಾದ್ಯ! ಪಿಟೀಲಿಗೆ ಸ್ಟೀಲ್ ತಂತಿ, ನಗಾರಿಗೆ ಪ್ಲಾಸ್ಟಿಕ್. ಆ ಕಾಲದ ಮಾಸ್ ಆ ಕಾಲದ ವಾದ್ಯದಾಗ ಕೇಳ್ಬೇಕ್ರಿ. ಇದು ಶುದ್ಧ ಅಲ್ಲ.”

ಶುದ್ಧ! ಊರಾಚೆಯ ಕೇರಿಯಲ್ಲಿ ಹುಟ್ಟಿದವರಿಗೆ ಆ ಪದ ಕೇಳಿದರೆ ಕಿವಿ ನೆಟ್ಟಗಾಗುತ್ತದೆ. ಅಪ್ಪ ಮನೆಗೆ ಬುದ್ಧನ ಫೋಟೊ ತಂದ ದಿನ ಆ ಪದವನ್ನು ಹೊಸಿಲಾಚೆ ಬಿಟ್ಟಿದ್ದ. ಈಗ ನೋಡಿದರೆ ಇಯರ್‌ಫೋನಿನ ವೈರು ಹಿಡಿದು ಒಳಗೆ ಬಂತು. ಕೇಳುವ ಸುಖಕ್ಕೂ ಮಡಿಯೇ?

“ಭಾನುವಾರ ಮನಿಗೆ ಬರ್ರಿ. ಅಸಲಿದು ಕೇಳಸ್ತೀನಿ” ಎಂದ.

ಹೋದೆ. ಪಡಸಾಲೆಯಲ್ಲಿ ಸ್ಪೀಕರ್. ಅದರ ಪಕ್ಕದಲ್ಲೇ ದೇವರ ಕೋಣೆ. ಅವನ ತಾಯಿ ಗುರುಬಸಮ್ಮನವರು ಕೆಳಗೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಹಾಡು ಶುರುವಾಯಿತು. ಸುಳ್ಳೇಕೆ ಹೇಳಲಿ, ಚೆನ್ನಾಗಿತ್ತು. ವಾದ್ಯಗಳ ಅಬ್ಬರ ಕಡಿಮೆ, ಒಂದೊಂದು ದನಿಯೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಗುರುಬಸಮ್ಮನವರೂ ತಲೆದೂಗಿದರು. “ಭಜನಿ ಚಲೋ ಐತಪಾ.”

ಅಲ್ಲಿಗೆ ಬಿಡಬಹುದಿತ್ತು. ಪಂಡಿತರು ಬಿಡುತ್ತಾರೆಯೇ?

“ನಾದ ನೋಡ್ರಿ! ಸ್ಟೀಲ್ ಅಲ್ಲ ಇದು. ಕುರಿ ಕರುಳು ಹೊಸೆದು ಮಾಡಿದ ತಂತಿ!”

ಸೊಪ್ಪು ಸೋಸುವ ಕೈ ನಿಂತಿತು.

“ಏನಂದಿ?”

“ತಂತಿ, ಯವ್ವಾ.”

“ಅದರ ಹಿಂದಿಂದು.”

“ಕರುಳು... ಕುರಿದು.”

“ದೇವ್ರ ಮನಿ ಮಗ್ಗಲದಾಗ ಕುರಿ ಕರುಳು ಬಾರಿಸ್ತೀಯೇನ್ಲೇ? ಆರ್ಸು ಮೊದ್ಲು!”

“ರೆಕಾರ್ಡಿಂಗ್ ಐತಿ ಯವ್ವಾ. ಕುರಿ ಇಲ್ಲೆಲ್ಲೈತಿ?”

“ದನಿ ಇಲ್ಲೇ ಐತಲ್ಲ!”

“ಅಲ್ಲ ಯವ್ವಾ, ಆಗಿನ ನಗಾರಿಗೂ ಅಷ್ಟ, ಅದಕ್ಕ...” ಎಂದು ಶುರುಮಾಡಿ ಕೊಟ್ರೇಶಪ್ಪ ಬಾಯಿ ಮುಚ್ಚಿಕೊಂಡ. (ಅದಕ್ಕೆ ಕರುವಿನ ಚರ್ಮ. ನಾನೂ ಹೇಳಲಿಲ್ಲ.)

ಯುರೋಪ್ ಆರಿತು. ಪಂಡಿತ ಫೋನಿನಲ್ಲಿ ಹುಡುಕಾಡಿ, ನಾನು ಆಫೀಸಿನಲ್ಲಿ ಕೇಳುತ್ತಿದ್ದ ಅದೇ ಮಾಡರ್ನ್ ರೆಕಾರ್ಡಿಂಗ್ ಹಚ್ಚಿದ. “ಇದು ಸ್ಟೀಲ್ ಯವ್ವಾ.”

“ಹಾಂ, ಇದನ್ನ ಹಚ್ಚು.”

ಅಲ್ಲಿಯವರೆಗೆ ಅಶುದ್ಧವಾಗಿದ್ದದ್ದು ಈಗ ಶುದ್ಧ ಸಸ್ಯಾಹಾರಿ! ಅವನು ನಾಚಿಕೊಂಡನೇ? “ಮಾಡರ್ನ್ ವಾದ್ಯಕ್ಕೂ ಒಂದು ಗತ್ತೈತಿ ಬಿಡ್ರಿ” ಎಂದ.

ನಾನು ನಕ್ಕು ಎದ್ದು ಬರಬೇಕು. ಅಷ್ಟರಲ್ಲಿ ಗುರುಬಸಮ್ಮನವರು ನನ್ನನ್ನೇ ನೋಡಿದರು.

“ತಮ್ಮಾ, ನೀನು ತಂಬ್ರಹಳ್ಳಿ ಹನುಮಂತಪ್ಪನ ಮಗ ಅಲ್ಲೇನು? ನನ್ನ ತವರ್ಮನಿ ಅದ ಊರು. ನಿಮ್ಮಪ್ಪ ಹಲಗಿ ಭಾಳ ಚಲೋ ಬಾರಿಸ್ತಿದ್ದ. ದೂರಿಂದ ಕೇಳಾಕ ಭಾಳ ಚೆಂದ.”

ದೂರದಿಂದ. ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ಹೆಚ್ಚು ಚುಚ್ಚಿತು.

ಅಪ್ಪ ತಮಟೆಯಂಥ ಆ ಚರ್ಮದ ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದ. ಬೆರಳಿನಿಂದ ತಟ್ಟಿ, ಕಿವಿ ಹತ್ತಿರ ತಂದು, ಮತ್ತೆ ಕಾಯಿಸುತ್ತಿದ್ದ. ದನಿ ಸರಿಯಾಗಿ ಕೂರುವ ತನಕ ಯಾರು ಕರೆದರೂ ಏಳುತ್ತಿರಲಿಲ್ಲ. ಎಷ್ಟೋ ಮದುವೆಗಳಲ್ಲಿ ಬಾರಿಸಿದ. ಒಂದು ಮನೆಯ ಪಡಸಾಲೆಯನ್ನೂ ಒಳಗಿನಿಂದ ನೋಡಲಿಲ್ಲ. ನಾನೀಗ ಸೋಫಾದ ಮೇಲೆ ಕೂತಿದ್ದೆ. ಸರ್ಕಾರಿ ಸಂಬಳಕ್ಕೆ ಇಷ್ಟು ಮರ್ಯಾದೆ ಇದೆ.

ಸುಮ್ಮನಿರಲು ಆಗಲಿಲ್ಲ. “ಕೊಟ್ರೇಶಪ್ನೋರ, ಅಪ್ಪನ ಹಲಗಿ ಇನ್ನೂ ನಮ್ಮನಿ ಗ್ವಾಡಿಮ್ಯಾಲ ಐತಿ. ಹಳೇದು, ಅಸಲಿ ಚರ್ಮದ್ದು. ಮುಂದಿನ ಭಾನುವಾರ ತರ್ತೀನಿ. ಇಲ್ಲೇ, ನಿಮ್ಮ ಪಡಸಾಲ್ಯಾಗ ಕುಂತು ಬಾರಿಸ್ತೀನಿ. ಕೇಳ್ತೀರಲ್ಲ?”

ಅವನು ತಾಯಿಯ ಕಡೆ ನೋಡಿದ. ದೇವರ ಕೋಣೆಯ ಬಾಗಿಲು ನೋಡಿದ. ಆಮೇಲೆ ನನ್ನ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ ಕೇಳಿದ:

“ತರ್ರಿ, ತರ್ರಿ... ಈಗ ಫೈಬರ್ ಹಲಗಿ ಬಂದಾವಲ್ರಿ, ಅದನ್ನ ತಂದ್ರ ಆಗಂಗಿಲ್ಲೇನು?”