ಕೌದಿಯೊಳಗಿನ ಅಕ್ಕಿಕಾಳು

ಕಳೆದ ವರ್ಷ ದೀಪಾವಳಿ ಮುಗಿದ ಮೇಲಿನ ಮಾತು. ನಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿಯ ಶೈಲಜಾಳ ಮನೆಗೆ ಅವತ್ತು ಯುರೋಪಿನಿಂದ ಒಬ್ಬ ಹೆಂಗಸು ಕೌದಿ ನೋಡಲು ಬರುವವಳಿದ್ದಳು. ಕೌದಿ ಹೊಲಿಯುವುದನ್ನು ಶೈಲಜಾಳಿಗೆ ಕಲಿಸಿದವಳು ನಾನು. ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತವಳು ಅವಳು. ಬೆಳಿಗ್ಗೆಯಿಂದಲೇ ನನಗೆ ಹೊಟ್ಟೆ ಉರಿಯುತ್ತಿತ್ತು.

ನಾವು ಗದಗಿನ ಕಡೆಯವರು. ಯಜಮಾನರ ರೈಲ್ವೆ ನೌಕರಿಗೆಂದು ಚೆನ್ನೈಗೆ ಬಂದವರು ವೇಲಚೇರಿಯಲ್ಲೇ ಉಳಿದುಬಿಟ್ಟೆವು. ಹಳೇ ಸೀರೆ, ಧೋತರ, ಸಿಕ್ಕ ತುಂಡುಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ, ಕೈಹೊಲಿಗೆ ಹಾಕಿ ಕೌದಿ ಮಾಡುವುದು ನಮ್ಮವ್ವ ಕಲಿಸಿದ ವಿದ್ಯೆ. ಈ ಊರಿನ ಸೆಕೆಯಲ್ಲಿ ಕೌದಿ ಯಾರಿಗೆ ಬೇಕು? ನನ್ನ ಮಗಳೇ "ವೇಂಡಾಮ್ಮಾ, ಈ ಹಳೇ ಬಟ್ಟೆ ಬೇಡ" ಎಂದು ಮೂಗು ಮುರಿಯುತ್ತಿದ್ದಳು. ಅಂಥದ್ದರಲ್ಲಿ ಶೈಲಜಾ ಬಂದು, "ಅಕ್ಕ, ಎಷ್ಟು ಚಂದ ಉಂಟು ಇದು! ನಂಗೂ ಹೇಳಿಕೊಡಿ" ಎಂದಾಗ ಉಬ್ಬಿಹೋಗಿ ಕಲಿಸಿದೆ.

ಅವಳು ಉಡುಪಿ ಕಡೆಯವಳು. ಮಾವ ಇಲ್ಲಿ ಸಸ್ಯಾಹಾರಿ ಹೋಟೆಲು ನಡೆಸಿದವರು, ಹಾಗಾಗಿ ವ್ಯಾಪಾರ ಅವಳಿಗೆ ಹೊಸದಲ್ಲ. ಕೌದಿಯ ಫೋಟೊ ತೆಗೆದು ಇಂಟರ್‌ನೆಟ್ಟಿಗೆ ಹಾಕಿದಳು. ಹಳೇ ಬಟ್ಟೆ ಕಸದ ರಾಶಿಗೆ ಹೋಗದಂತೆ ಕೈಯಲ್ಲೇ ಮಾಡಿದ್ದು, ಭೂಮಿಗೆ ಹಿತವಾದದ್ದು ಎಂದೆಲ್ಲ ಇಂಗ್ಲಿಷಿನಲ್ಲಿ ಬರೆದಳು. ಹೊರದೇಶದ ಅಂಗಡಿಯೊಂದರಿಂದ ಆರ್ಡರು ಬಂದೇಬಿಟ್ಟಿತು. ನಮ್ಮವ್ವ ಬಡತನಕ್ಕೆ ಹೊಲಿದದ್ದನ್ನು ಅಲ್ಲಿಯವರು ಭೂಮಿ ಉಳಿಸಲೆಂದು ಹೊದೆಯುತ್ತಾರಂತೆ!

ಸುತ್ತಮುತ್ತಲಿನ ಹೆಂಗಸರನ್ನು ಸೇರಿಸಿ ಶೈಲಜಾ ಕೆಲಸ ಶುರುಮಾಡಿದಳು. ನಾನೂ ಸೇರಿದೆ. ಕೂಲಿ ಸರಿಯಾಗೇ ಕೊಡುತ್ತಿದ್ದಳು, ಅದರಲ್ಲಿ ತಕರಾರಿಲ್ಲ. ಆದರೆ ಪ್ರತಿ ಕೌದಿಗೂ ಒಂದು ಚೀಟಿ, ಅದರ ಮೇಲೆ ಸೂಜಿ ಹಿಡಿದು ನಗುವ ಅವಳ ಫೋಟೊ! ಸೂಜಿ ಹಿಡಿದ ರೀತಿಯೂ ಸರಿಯಿರಲಿಲ್ಲ. ಅದನ್ನು ನೋಡಿದಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಒಂದು ಸಂಜೆ ಮೆಟ್ಟಿಲು ಹತ್ತುತ್ತಾ ಯಜಮಾನರ ಹತ್ತಿರ ಅಂದೇಬಿಟ್ಟೆ, "ವಿದ್ಯಾ ನಂದು, ಹೆಸರು ಆಕೀದು. ಈ ಆರ್ಡರ್ ಹೆಂಗ ದಡಾ ಮುಟ್ಟತೈತಿ, ನಾನೂ ನೋಡೇಬಿಡ್ತೀನಿ." ತಿರುಗಿದರೆ ಕೆಳಗೆ ಶೈಲಜಾ! ಟಿ. ನಗರದಿಂದ ನೂಲು ತಂದ ಚೀಲ ಕೈಯಲ್ಲಿತ್ತು. ನನ್ನತ್ತ ಒಮ್ಮೆ ನೋಡಿ ಒಳಗೆ ಹೋದಳು.

ಇದಾದ ಮುಂದಿನ ವಾರವೇ ಯುರೋಪಿನ ಆ ಅಂಗಡಿಯ ಹೆಂಗಸು ಬಂದದ್ದು. ಜೊತೆಗೆ ನುಂಗಂಬಾಕ್ಕಂನಿಂದ ಎಕ್ಸ್‌ಪೋರ್ಟ್ ಏಜೆಂಟರು. ಹೊಲಿಯುವವರೆಲ್ಲ ಗೋಡೆಯ ಪಕ್ಕ ಸಾಲಾಗಿ ನಿಂತೆವು. ಆ ಹೆಂಗಸು ಒಂದು ಕೌದಿ ಎತ್ತಿ, ಸವರಿ, ಚೆಂದ ಚೆಂದ ಎನ್ನುವಂತೆ ತಲೆಯಾಡಿಸಿದಳು. ಮೂಲೆಗೆ ಬಂದಾಗ ಕೈ ನಿಂತಿತು. ಬೆರಳಿಗೆ ಏನೋ ಗಟ್ಟಿ ಹತ್ತಿತ್ತು. ಏಜೆಂಟರು ಕತ್ತರಿ ತಗೊಂಡು ಮೂಲೆ ಬಿಚ್ಚಿದರು. ನೆಲದ ಮೇಲೆ ಅಕ್ಕಿಕಾಳು ಉದುರಿದವು. ಇನ್ನೊಂದು ಕೌದಿ ಬಿಚ್ಚಿದರು, ಅದರಲ್ಲೂ ಅಕ್ಕಿ.

"ಎನ್ನಮ್ಮಾ ಇದು?" ಏಜೆಂಟರ ದನಿ ಏರಿತು. ಕಾಳಿದ್ದರೆ ಹುಳ ಬೀಳುತ್ತದೆ, ಅಲ್ಲಿನ ಬಂದರಿನಿಂದಲೇ ಎಲ್ಲ ವಾಪಸ್ ಕಳಿಸುತ್ತಾರೆ, ಮುಂದೆ ಯಾರೂ ನಿಮ್ಮ ಹತ್ತಿರ ಒಂದು ತುಂಡು ಬಟ್ಟೆಯನ್ನೂ ಕೊಳ್ಳುವುದಿಲ್ಲ ಎಂದು ತಮಿಳಿನಲ್ಲಿ ಕೂಗಾಡಿದರು.

ಅಕ್ಕಿ ಹಾಕಿದವಳು ನಾನೇ. ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚಿಟಿಕೆ ಅಕ್ಕಿ ಇಡುತ್ತಾರೆ. ಕೌದಿ ಹಸಿದಿರಬಾರದು, ಹೊದ್ದವರ ಮನೆಯಲ್ಲಿ ಅನ್ನಕ್ಕೆ ಕೊರತೆಯಾಗಬಾರದು ಎನ್ನುತ್ತಿದ್ದಳು ಅವ್ವ. ಹಿರಿಯಳೆಂದು ಎಲ್ಲ ಕೌದಿಗಳ ಕೊನೆಯ ಮೂಲೆಯನ್ನೂ ನಾನೇ ಮುಚ್ಚುತ್ತಿದ್ದೆ. ಶೈಲಜಾಳಿಗೆ ಈ ವಿಷಯ ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅಷ್ಟು ತಿಂಗಳು ಹೊಟ್ಟೆಕಿಚ್ಚಿನಲ್ಲೇ ಹೊಲಿದೆ, ಸುಳ್ಳು ಹೇಳಲಾರೆ. ಆದರೆ ಆ ಚಿಟಿಕೆ ಅಕ್ಕಿ ಇಡುವಾಗ ಮಾತ್ರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅದನ್ನು ಯಾರು ನಂಬುತ್ತಾರೆ? ಮೆಟ್ಟಿಲ ಮೇಲೆ ಅಂಥ ಮಾತಾಡಿದವಳು ನಾನು.

"ಮೂಲೆ ಹೊಲಿದದ್ದು ಯಾರು?" ಏಜೆಂಟರು ಕೇಳಿದರು. ಹೆಂಗಸರೆಲ್ಲ ನನ್ನತ್ತ ನೋಡಿದರು. ಶೈಲಜಾ ನನ್ನ ಹೆಸರು ಹೇಳಿದರೆ ಸಾಕಿತ್ತು, ಆರ್ಡರು ಕೆಡಿಸಲು ನಿಂತವಳು ಎಂಬ ಅಪವಾದ ಹೊತ್ತು ನಾನು ಆ ಬಿಲ್ಡಿಂಗಿನಲ್ಲಿ ತಲೆ ಎತ್ತುವಂತಿರಲಿಲ್ಲ.

"ಅಕ್ಕಿ ಹಾಕ್ಲಿಕ್ಕೆ ನಾನೇ ಹೇಳಿದ್ದು, ಸಾರ್" ಎಂದಳು ಶೈಲಜಾ, ತಮಿಳಿನಲ್ಲಿ. "ನಮ್ಮ ಪದ್ಧತಿ ಅದು. ರೂಲ್ಸ್ ನಂಗೆ ಗೊತ್ತಿರಲಿಲ್ಲ. ತಪ್ಪು ನಂದೇ. ಸ್ವಲ್ಪ ಟೈಮ್ ಕೊಡಿ, ಎಲ್ಲ ಬಿಚ್ಚಿ ತೆಗೆಸ್ತೇನೆ."

ಏಜೆಂಟರು ಅವಳಿಗೆ ಬಾಯಿಗೆ ಬಂದಂತೆ ಬೈದರು. ತನ್ನ ಮನೆಯಲ್ಲೇ, ತನ್ನ ಕೈಕೆಳಗಿನ ಹೆಂಗಸರ ಎದುರಿಗೇ ತಲೆ ತಗ್ಗಿಸಿ ಕೇಳಿಸಿಕೊಂಡಳು. ಕೊನೆಗೆ ಆ ವಿದೇಶಿ ಹೆಂಗಸೇ ಏನೋ ಹೇಳಿ ಅವರನ್ನು ಸುಮ್ಮನಾಗಿಸಿದಳು. ಮುಂದಿನ ವಾರದವರೆಗೆ ಸಮಯ ಸಿಕ್ಕಿತು.

ಅವರು ಹೋದ ಮೇಲೆ ಉಳಿದವರೂ ಊಟಕ್ಕೆಂದು ಎದ್ದರು. ಶೈಲಜಾ ಆಗಲೇ ಕೂತು ಮೂಲೆ ಬಿಚ್ಚುತ್ತಿದ್ದಳು. ನಾನು ಎದುರಿಗೆ ಕೂತೆ.

"ಸುಳ್ಳ ಯಾಕ ಹೇಳಿದಿ ಯವ್ವಾ? ನಾ ಬೇಕಂತ ಮಾಡಿಲ್ಲ, ದೇವರಾಣಿ" ಎಂದು ಅಕ್ಕಿಯ ಕಥೆಯನ್ನೆಲ್ಲ ಹೇಳಿದೆ.

ಅವಳು ತಲೆ ಎತ್ತಲಿಲ್ಲ. "ಹೌದಾ ಅಕ್ಕ? ನಂಗೆ ಅದೆಲ್ಲ ಗೊತ್ತಿರ್ಲಿಲ್ಲ. ನೀವು ಬೇಕೂಂತಲೇ ಹಾಕಿದ್ದು ಅಂದ್ಕೊಂಡೆ."

"ಮತ್ತ?"

"ಮತ್ತೆ ಎಂತ? ಕಲಿಸಿದವರ ಮರ್ಯಾದೆ ಅಷ್ಟು ಜನರ ಎದುರು ತೆಗೀಲಿಕ್ಕೆ ಮನಸ್ಸು ಬರ್ಲಿಲ್ಲ" ಎಂದು ಇನ್ನೊಂದು ಕೌದಿಯನ್ನು ನನ್ನ ಮಡಿಲಿಗೆ ಹಾಕಿದಳು. ಸಂಜೆಯವರೆಗೂ ಇಬ್ಬರೂ ಕೂತು ಬಿಚ್ಚಿದೆವು.

ಕೌದಿಗಳು ಹಡಗು ಹತ್ತಿದವು. ಮತ್ತೆ ಆರ್ಡರು ಬಂತು. ನನ್ನ ಹೊಟ್ಟೆಕಿಚ್ಚು ಅವತ್ತೇ ಆರಿಹೋಯಿತು ಎಂದರೆ ನೀವು ನಂಬಬೇಡಿ, ಅದು ಈಗಲೂ ಆಗಾಗ ಹೊಗೆಯಾಡುತ್ತದೆ. ಆದರೆ ಈಗ ಉರಿಯುವ ಕಾರಣ ಬೇರೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಏಜೆಂಟರು ಕೇಳುವ ಮೊದಲೇ ನನ್ನ ಬೆರಳು ಅವಳ ಕಡೆ ತಿರುಗಿರುತ್ತಿತ್ತು. ಇಂಗ್ಲಿಷು, ವ್ಯಾಪಾರ ಬೇಕಾದರೆ ಈ ವಯಸ್ಸಿನಲ್ಲೂ ಕಲಿತೇನು. ನಾನು ಕೇಡು ಬಗೆದೆನೆಂದು ತಿಳಿದೂ ನನ್ನನ್ನು ಕಾಯ್ದ ಆ ಮನಸ್ಸು ಅವಳಿಗಿದೆ, ನನಗಿಲ್ಲ. ಅದನ್ನು ನಾನು ಯಾರ ಹತ್ತಿರ ಕಲಿಯಲಿ?