ಸಿರಿಲ್ ಅಂಕಲಿಗೊಂದು ಪ್ರಾರ್ಥನೆ

ಈ ದೇಶದ ಕೋರ್ಟಿನಲ್ಲಿ ಕೊಲೆಯಾದವನ ಅಪ್ಪನನ್ನು ಕರೆದು ಕೇಳುತ್ತಾರೆ, ಕೊಂದವನ ಪ್ರಾಣ ತೆಗೆಯಬೇಕೋ ಉಳಿಸಬೇಕೋ ಎಂದು. ಮೊದಲ ಸಲ ಅದನ್ನು ಕೇಳಿಸಿಕೊಂಡಾಗ ದುಭಾಷಿ ಏನೋ ತಪ್ಪು ಹೇಳಿದ ಅಂದುಕೊಂಡೆ. ದುಬೈಯ ಆ ತಣ್ಣನೆಯ ಕೋಣೆಯಲ್ಲಿ ಅಪ್ಪ ನನ್ನ ಪಕ್ಕ ನಿಂತಿದ್ದರು. ಮೂಡಬಿದಿರೆಯಿಂದ ಜೀವನದಲ್ಲಿ ಮೊದಲ ಬಾರಿ ವಿಮಾನ ಹತ್ತಿ ಬಂದವರು, ಮಗನ ಮದುವೆಗೆ ಹೊಲಿಸಿದ ಕೋಟನ್ನೇ ಹಾಕಿಕೊಂಡಿದ್ದರು. "ಇನ್ನೊಮ್ಮೆ ಹೇಳಿ" ಎಂದೆ ದುಭಾಷಿಗೆ. ಅವನು ಅದನ್ನೇ ಹಿಂದಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದ. ಅಪ್ಪ ನನ್ನ ಮುಖ ನೋಡಲಿಲ್ಲ. "ಜೀವಕ್ಕೆ ಜೀವ ಅಂತ ಹೇಳು ಅವರಿಗೆ" ಎಂದರು.

ನಮ್ಮ ದೇಶದಲ್ಲಿ ಇದೆಲ್ಲ ಸರ್ಕಾರದ ವ್ಯವಹಾರ. ಕೆಳಗಿನ ಕೋರ್ಟು, ಮೇಲಿನ ಕೋರ್ಟು, ಕೊನೆಗೆ ರಾಷ್ಟ್ರಪತಿ. ಸತ್ತವನ ಮನೆಯವರು ಟಿವಿ ನೋಡಿ ತಿಳಿದುಕೊಳ್ಳಬೇಕು. ಇಲ್ಲಿ ಸತ್ತವನ ಹತ್ತಿರದ ವಾರಸುದಾರರಿಗೆ 'ವಲೀ ಅಲ್ ದಮ್' ಎನ್ನುತ್ತಾರೆ, ರಕ್ತದ ಹಕ್ಕುಳ್ಳವರು ಎಂದು ಅರ್ಥ. ನನ್ನ ತಮ್ಮ ರೋಶನನ ಕೇಸಿನಲ್ಲಿ ಹಾಗೆ ಎಣಿಸಿದ್ದು ನಾಲ್ವರನ್ನು: ಅಪ್ಪ, ಅಮ್ಮ, ಅವನ ಹೆಂಡತಿ ಲವೀನಾ, ಮಗಳು ಜೋಯ್ಲಿನ್. ನಾಲ್ವರೂ ಬೇಕೆಂದರೆ ಮಾತ್ರ ಮರಣದಂಡನೆ. ಒಬ್ಬರೇ ಒಬ್ಬರು 'ಅಫು', ಅಂದರೆ ಕ್ಷಮೆ, ಎಂದರೂ ಪ್ರಾಣ ಉಳಿದು ಜೈಲುಶಿಕ್ಷೆಗೆ ಮುಗಿಯುತ್ತದೆ. ಅಮ್ಮ ಮತ್ತು ಲವೀನಾ ಊರಿನಲ್ಲೇ ಇದ್ದರು. ಅವರ ಪರವಾಗಿ ಮಾತಾಡುವ ಅಧಿಕಾರ ಅಪ್ಪನಿಗೆ ಬರೆದುಕೊಟ್ಟಿದ್ದರು. ಜೋಯ್ಲಿನ್ ಆಗ ಹಾಲು ಕುಡಿಯುವ ಕೂಸು. ಅವಳು ಪ್ರಾಯಕ್ಕೆ ಬರಲಿ, ಅವಳನ್ನೂ ಕೇಳೋಣ, ಅಲ್ಲಿಯವರೆಗೆ ಇವನು ಜೈಲಿನಲ್ಲಿರಲಿ ಎಂದರು ನ್ಯಾಯಾಧೀಶರು.

ಇವನು ಅಂದರೆ ಸಿರಿಲ್. ಕಿನ್ನಿಗೋಳಿಯವನು, ನಮ್ಮ ಹಾಗೆಯೇ ಕೊಂಕಣಿ ಮಾತಾಡುವ ಕ್ರೈಸ್ತ. ದುಬೈಯ ಅಲ್ ಕೂಜಿನ ಅಲ್ಯೂಮಿನಿಯಂ ವರ್ಕ್‌ಶಾಪಿನಲ್ಲಿ ಅವನೂ ರೋಶನನೂ ಒಟ್ಟಿಗೆ ಕೆಲಸ, ಒಟ್ಟಿಗೆ ಊಟ, ಒಂದೇ ಕೋಣೆಯಲ್ಲಿ ಮೇಲೆ ಕೆಳಗೆ ಮಂಚ. ಜಗಳ ಬಂದದ್ದು ಎ.ಸಿ.ಗೆ. ರೋಶನನಿಗೆ ಚಳಿ, ಸಿರಿಲನಿಗೆ ಸೆಖೆ. ರಿಮೋಟು ಕಿತ್ತಾಡಿಕೊಂಡು ಬಾಯಿಗೆ ಬಾಯಿ, ಕೈಗೆ ಕೈ ಹತ್ತಿತು. ಅಡುಗೆ ಮಾಡುವ ಚೂರಿ ಅಲ್ಲೇ ಇತ್ತು. ಊರಲ್ಲಿ ಜನ ಕೇಳುತ್ತಿದ್ದರು, ಎಂತಕ್ಕೆ ಕೊಂದದ್ದಂತೆ ಎಂದು. ಎ.ಸಿ. ವಿಷಯಕ್ಕೆ ಎಂದು ಹೇಳಲು ನಾಚಿಕೆಯಾಗಿ ಅಪ್ಪ ಸುಮ್ಮನಿರುತ್ತಿದ್ದರು.

ನಾನು ಅದಕ್ಕೂ ಮೊದಲೇ ಅಬುಧಾಬಿಗೆ ಬಂದವಳು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ 'ಶೇರಿಂಗ್', ಅಂದರೆ ಒಂದು ಫ್ಲ್ಯಾಟನ್ನು ನಾಲ್ಕಾರು ಹೆಂಗಸರು ಹಂಚಿಕೊಂಡು ಇರುವುದು. ಪ್ಲೈವುಡ್ಡಿನ ಗೋಡೆಯ ಆಚೆ ಯಾರೋ ಸೀನಿದರೆ ಈಚೆ ನಾನು ದೇವರ ಹೆಸರು ಹೇಳಬೇಕು, ಅಷ್ಟು ಹತ್ತಿರ. ಊರಲ್ಲಿ ಭಾನುವಾರ ಚರ್ಚಿನ ಪೂಜೆಗೆ ಹೋಗುತ್ತಿದ್ದವಳು ಇಲ್ಲಿ ಶುಕ್ರವಾರ ಹೋಗಲು ಕಲಿತೆ, ಆಗ ಇಲ್ಲಿ ವಾರದ ರಜೆ ಶುಕ್ರವಾರ. ಖುಬೂಸ್ ಎಂಬ ದಪ್ಪ ರೊಟ್ಟಿಗೆ ನಿನ್ನೆಯ ಮೀನುಸಾರು ಹಚ್ಚಿ ತಿನ್ನಲು ಕಲಿತೆ. ಮಾಫಿ ಅಂದರೆ ಇಲ್ಲ, ಖಲಾಸ್ ಅಂದರೆ ಮುಗಿಯಿತು. ಈ ಎರಡು ಶಬ್ದದಲ್ಲೇ ಮೊದಲ ವರ್ಷ ಕಳೆಯಿತು. ರೋಶನ್ ಹೋದ ಮೇಲೆ ಕೋರ್ಟಿನ ಅರಬ್ಬಿಯೂ ಬಂತು. ಯಾರೂ ಹೀಗೆ ಒಂದು ಭಾಷೆ ಕಲಿಯಬಾರದು.

ನಾನು ಕೆಲಸ ಮಾಡುವುದು ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ. ಅಲ್ಲಿಗೆ ಪೋರ್ಚುಗಲಿನ ಒಬ್ಬ ಎಲುಬಿನ ಡಾಕ್ಟರ್ ಬಂದರು, ಆಲ್ವಾರೊ ಅಂತ, ತಲೆಯೆಲ್ಲ ಬೆಳ್ಳಗೆ. ನನ್ನ ಎದೆಯ ಮೇಲಿನ 'ಸೆಲಿನ್ ಪಿಂಟೊ' ಎಂಬ ಪಟ್ಟಿ ಓದಿ, "ಓ, ನಮ್ಮೂರಿನವಳು" ಎಂದು ನಕ್ಕರು. ಅವರ ಬೀದಿಯಲ್ಲಿ ಮೂರನೇ ಮನೆಯೂ ಪಿಂಟೊ ಅಂತೆ. ಇಷ್ಟು ದೂರ ಬಂದು ನನಗೆ ಸಿಕ್ಕಿದ ಮೊದಲ ನೆಂಟ ಎಂದರೆ ಅವರೇ.

ಜೋಯ್ಲಿನಳಿಗೆ ಪ್ರಾಯ ತುಂಬುವ ಹೊತ್ತಿಗೆ ಕೋರ್ಟಿನಿಂದ ಕರೆ ಬಂತು. ಡಾಕ್ಟರಿಗೆ ಎಲ್ಲ ಹೇಳಿದೆ. ಹೇಳುವಾಗ ಸ್ವಲ್ಪ ಜಂಬವೂ ಇತ್ತು ನನಗೆ. "ನೋಡಿ ಡಾಕ್ಟರೇ, ನಮ್ಮ ದೇಶದಲ್ಲಿ ನಮ್ಮನ್ನು ಕೇಳುವವರೇ ಇಲ್ಲ. ಇಲ್ಲಿ ಮನೆಯವರ ಮಾತಿಗೆ ಬೆಲೆ ಉಂಟು. ನಿಮ್ಮಲ್ಲಿ ಹೇಗೆ?" ಎಂದೆ.

"ನಮ್ಮಲ್ಲಿ ಆ ಶಿಕ್ಷೆಯೇ ಇಲ್ಲ" ಎಂದರು. ಸಾವಿರದ ಎಂಟುನೂರ ಅರವತ್ತೇಳರಲ್ಲೇ ಕೊಲೆಗೆ ಮರಣದಂಡನೆಯನ್ನು ತೆಗೆದುಹಾಕಿದರಂತೆ. ರಾಜದ್ರೋಹದಂಥ ಅಪರಾಧಗಳಿಗೆ ಅದಕ್ಕೂ ಮೊದಲು. ಸೈನ್ಯದಲ್ಲಿ ಮಾತ್ರ ಉಳಿದು, ಒಮ್ಮೆ ಹೋಗಿ, ಮೊದಲ ಮಹಾಯುದ್ಧದ ಕಾಲಕ್ಕೆ ಮತ್ತೆ ಬಂದು ಒಬ್ಬ ಸೈನಿಕನನ್ನು ತಿಂದಿತಂತೆ. ಪೂರ್ತಿ ಹೋದದ್ದು ಅವರು ಹುಡುಗರಾಗಿದ್ದಾಗ.

ನನಗೆ ಕೋಪ ಬಂತು. ನಮ್ಮ ಹಿರಿಯರು ಗೋವಾ ಬಿಟ್ಟು ದಕ್ಷಿಣಕ್ಕೆ ಬಂದದ್ದರಲ್ಲಿ ಇವರ ದೇಶದವರ ಕೈವಾಡವೂ ಇತ್ತಲ್ಲ. "ನೀವು ಗೋವಾದಲ್ಲಿ ಧರ್ಮದ ಹೆಸರಲ್ಲಿ ಮನುಷ್ಯರನ್ನು ಸುಟ್ಟವರಲ್ಲವಾ? ನಿಮಗೆ ಯಾವಾಗ ಇಷ್ಟು ಕನಿಕರ ಬಂತು?" ಎಂದು ಕೇಳಿಯೇಬಿಟ್ಟೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಸುಟ್ಟವರೇ. ಅದಕ್ಕೇ ಇರಬೇಕು, ಸಾಕಾಗಿಹೋಯಿತು" ಎಂದರು. ಕಾನೂನು ಹೋಗುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲೇ ಅಲ್ಲಿ ನೇಣು ನಿಂತಿತ್ತಂತೆ. ಕೋರ್ಟು ಶಿಕ್ಷೆ ಬರೆಯುತ್ತಿತ್ತು, ಅರಮನೆ ಅದನ್ನು ಕಡಿಮೆ ಮಾಡುತ್ತಿತ್ತು. ಮನಸ್ಸಿನಲ್ಲಿ ಬಿಟ್ಟಾಗಿತ್ತು, ಬಾಯಿಬಿಟ್ಟು ಹೇಳಲು ಅಷ್ಟು ಕಾಲ ಹಿಡಿಯಿತು. "ಒಂದು ಮಾತು ಹೇಳಲೇ ಸೆಲಿನ್? ಕೈದಿಯ ಜೀವ ಉಳಿಯಿತು ಅಂತ ಎಲ್ಲರೂ ಹೇಳುತ್ತಾರೆ. ನೂರೈವತ್ತು ವರ್ಷದಿಂದ ನಮ್ಮಲ್ಲಿ ಯಾವ ಮಗಳ ಮುಂದೆಯೂ ಈ ಪ್ರಶ್ನೆ ಬಂದಿಲ್ಲ. ಅದನ್ನು ಯಾರೂ ಹೇಳುವುದಿಲ್ಲ." ನನ್ನ ಜಂಬ ಅಲ್ಲಿಗೆ ಇಳಿಯಿತು.

ಯಾಕೆಂದರೆ ಜೋಯ್ಲಿನಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಅವಳ ಅಪ್ಪ ಸತ್ತದ್ದು ಅಪಘಾತದಲ್ಲಿ ಎಂದೇ ಅವಳನ್ನು ಬೆಳೆಸಿದ್ದೆವು. ಪ್ರಾಯಕ್ಕೆ ಬಂದ ಮೇಲೆ ಹೇಳೋಣ ಎಂದು ಮನೆಯವರೆಲ್ಲ ಸೇರಿ ಮಾಡಿದ ತೀರ್ಮಾನ. ಈಗ ಲವೀನಾ ಫೋನಿನಲ್ಲಿ ಅತ್ತಳು. "ನನ್ನಿಂದ ಆಗುದಿಲ್ಲ ಅಕ್ಕ. ಬಾಯಿ ಬರುದಿಲ್ಲ. ಅಲ್ಲಿಗೆ ಕಳಿಸ್ತೇನೆ, ನೀವೇ ಹೇಳಿ."

ವಿಸಿಟ್ ವೀಸಾದಲ್ಲಿ ಬಂದಳು ಹುಡುಗಿ. ಬಂದವಳಿಗೆ ಕಡಲತೀರದ ದಾರಿ ತೋರಿಸಿದೆ, ಮಾಲು ಸುತ್ತಿಸಿದೆ, ಚಹಾ ಮಾಡಿಕೊಟ್ಟೆ. ಹೇಳುವುದನ್ನು ಎಷ್ಟು ಮುಂದೂಡಬಹುದೋ ಅಷ್ಟು ಮುಂದೂಡಿ, ಒಂದು ಮಧ್ಯಾಹ್ನ ಊಟದ ಮೇಲೆ ಎಲ್ಲ ಹೇಳಿದೆ. ವರ್ಕ್‌ಶಾಪು, ಕೋಣೆ, ಎ.ಸಿ., ಚೂರಿ. ಅವಳು ಅಳಲಿಲ್ಲ. "ಹೆಸರೇನು ಅವರದ್ದು?" ಎಂದು ಕೇಳಿದಳು.

"ಸಿರಿಲ್" ಎಂದೆ. "ಕಿನ್ನಿಗೋಳಿಯವನು."

ಅವಳ ಮುಖದ ಬಣ್ಣ ಹೋಯಿತು. "ಸಿರಿಲ್ ಅಂಕಲ್? ಗಲ್ಫಲ್ಲಿ ಇರುವ ಸಿರಿಲ್ ಅಂಕಲ್?"

ನನಗೆ ತಲೆಬುಡ ತಿಳಿಯಲಿಲ್ಲ. ಅವಳೇ ಹೇಳಿದಳು. ಅಜ್ಜಿಯ ಪಕ್ಕ ಮಲಗುವ ಹುಡುಗಿ ಅವಳು. ಮಲಗುವ ಮೊದಲು ಅಜ್ಜಿ ಮೊಮ್ಮಗಳು ಇಬ್ಬರೇ ಕೂತು ಪ್ರಾರ್ಥನೆ ಹೇಳುವುದು. ಸತ್ತ ಅಪ್ಪನಿಗೊಂದು 'ನಮಾನ್ ಮರಿಯೆ' ಜಪ, ಅಬುಧಾಬಿಯ ಆಂಟಿಗೊಂದು, ಕೊನೆಗೆ ಗಲ್ಫಿನಲ್ಲಿ ಕಷ್ಟದಲ್ಲಿರುವ ಸಿರಿಲ್ ಅಂಕಲಿಗೊಂದು. ಯಾರೋ ದೂರದ ಸಂಬಂಧಿಕ, ಕೆಲಸ ಸರಿ ಇಲ್ಲ ಎಂದುಕೊಂಡಿದ್ದಳಂತೆ. ಮಾತು ಕಲಿತಂದಿನಿಂದ ಹೇಳುತ್ತಾ ಬಂದಿದ್ದಾಳೆ. "ಪಪ್ಪನ ಫೇಸ್ ನಂಗೆ ನೆನಪೇ ಇಲ್ಲ ಆಂಟಿ. ಬಟ್ ದಿಸ್ ಮ್ಯಾನ್, ಎವ್ರಿ ನೈಟ್" ಎಂದಳು. ಆಮೇಲೆ ಅತ್ತಳು.

ನಾನು ಅಮ್ಮನಿಗೆ ಫೋನು ಹಚ್ಚಿದೆ. ನಾವು ಅಮ್ಮನಿಗೆ ಮಾಂಯ್ ಎನ್ನುವುದು. "ಮಾಂಯ್, ನೀನು ಅವನನ್ನು ಕ್ಷಮಿಸಿದ್ದೀಯಾ?" ಎಂದು ಕೇಳಿದೆ.

"ಎಂದೋ ಕ್ಷಮಿಸಿ ಆಗಿದೆ. ರೋಶನನ ವರ್ಷದ ಪೂಜೆಯ ದಿನವೇ, ಪೀಠದ ಎದುರು."

"ಮತ್ತೆ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?"

"ಯಾರಿಗೆ ಹೇಳುದು? ದೇವರಿಗೆ ಹೇಳಿದ್ದೇನಲ್ಲ. ಕೋರ್ಟಿನದು ಅಪ್ಪ ನೋಡಿಕೊಳ್ತಾರೆ. ಅಪ್ಪನ ಎದುರು ಅವನ ಹೆಸರು ಎತ್ತಿದರೆ ಮನೆ ಹೊತ್ತಿ ಉರೀತದೆ, ನಿನಗೆ ಗೊತ್ತಿಲ್ವಾ?"

ನಮ್ಮ ಜನಕ್ಕೆ ಕ್ಷಮೆ ಎಂದರೆ ಇಗರ್ಜಿಯ ಒಳಗಿನ ವಿಷಯ. ಪಾದ್ರಿಗೆ ಹೇಳಿ, ಮೊಣಕಾಲೂರಿ, ಮನೆಗೆ ಬಂದು ಗಂಜಿ ಬಡಿಸುವುದು. ಆ ಒಂದು ಮಾತನ್ನು ಇಲ್ಲಿಗೆ ಮುಟ್ಟಿಸಿದ್ದರೆ ಸಿರಿಲ್ ಅಷ್ಟು ವರ್ಷ ಕುತ್ತಿಗೆ ಸವರಿಕೊಂಡು ಕೂರಬೇಕಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಹೆಣ್ಣುಮಗುವನ್ನು ಯಾರೂ ಕೇಳಬೇಕಾಗಿರಲಿಲ್ಲ. ಒಬ್ಬರು ಸಾಕಿತ್ತಲ್ಲ. ಮಾಂಯ್‌ಗೆ ಅದು ಗೊತ್ತಿರಲಿಲ್ಲ, ಮಾಂಯ್ ಮನಸ್ಸಿನಲ್ಲಿ ಏನಿದೆ ಎಂದು ನಮಗೆ ಗೊತ್ತಿರಲಿಲ್ಲ.

"ಈಗಲೂ ತಡವಿಲ್ಲ. ಅಜ್ಜಿಯ ಮಾತನ್ನೇ ತರಿಸೋಣ, ನೀನು ಏನೂ ಹೇಳುವುದು ಬೇಡ" ಎಂದೆ ಜೋಯ್ಲಿನಳಿಗೆ.

"ಬೇಡ" ಎಂದಳು. "ಇಷ್ಟು ವರ್ಷ ಅವರು ನನಗಾಗಿ ಕಾದಿದ್ದಾರೆ. ನಾನೇ ಹೋಗ್ತೇನೆ." ಏನು ಹೇಳುತ್ತಾಳೆಂದು ನಾನು ಕೇಳಲಿಲ್ಲ. ಕೇಳಿದರೆ ನನ್ನ ಮನಸ್ಸನ್ನು ಅವಳ ಮೇಲೆ ಹೇರಿದಂತಾಗುತ್ತದೆ ಎಂಬ ಭಯ. ಇಬ್ಬರೂ ದುಬೈಯ ಬಸ್ಸು ಹತ್ತಿದೆವು.

ಕೋರ್ಟಿನಲ್ಲಿ ಸಿರಿಲನನ್ನು ಕರೆತಂದಾಗ ನನಗೇ ಗುರುತು ಹತ್ತಲಿಲ್ಲ. ಮುದುಕನಾಗಿದ್ದ. ನ್ಯಾಯಾಧೀಶರು ಕೇಳಿದರು, ದುಭಾಷಿ ಇಂಗ್ಲಿಷಿನಲ್ಲಿ ಹೇಳಿದ. ಜೋಯ್ಲಿನ್ ಅವನ ಕಡೆ ನೋಡಿದಳು, ಬಹಳ ಹೊತ್ತು. ತಾನು ಚಿಕ್ಕವಳಾಗಿದ್ದಾಗಿನಿಂದ ಈ ಮನುಷ್ಯನಿಗೆ ಒಳ್ಳೆಯದಾಗಲಿ ಎಂದು ಪ್ರಾರ್ಥಿಸಿದ್ದೇನೆ, ಇವರು ಯಾರೆಂದು ತಿಳಿದಿರಲಿಲ್ಲ, ಈಗ ತಿಳಿದ ಮೇಲೆ ಆ ಪ್ರಾರ್ಥನೆಯನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ ಎಂದಳು. ದುಭಾಷಿಗೆ ಅದನ್ನು ಅರಬ್ಬಿಗೆ ತರಲು ಸ್ವಲ್ಪ ಕಷ್ಟವಾಯಿತು. ಕ್ಷಮಿಸಿದ್ದೀರೋ ಎಂದು ನ್ಯಾಯಾಧೀಶರು ಮತ್ತೆ ಕೇಳಿದರು. "ಯೆಸ್" ಎಂದಳು. ಹಣದ ಪರಿಹಾರವೂ ಬೇಡ ಎಂದಳು. ಸಿರಿಲ್ ನೆಲಕ್ಕೆ ಕುಸಿದ. ಪೊಲೀಸರು ಎತ್ತಿ ಕೂರಿಸಿದರು.

ಹೊರಗೆ ಬಂದು, "ನನಗೆ ಬೇರೆ ಎಂತ ಹೇಳ್ಲಿಕ್ಕೆ ಇತ್ತು ಆಂಟಿ? ಅಜ್ಜಿ ಮೊದಲೇ ಹೇಳಿಸಿ ಆಗಿತ್ತು ನನ್ನ ಬಾಯಲ್ಲಿ" ಎಂದಳು. ಅದರಲ್ಲಿ ಸಿಟ್ಟಿತ್ತು. ಮನಸ್ಸಿನಿಂದ ಕ್ಷಮಿಸಿದಳೋ, ಅಭ್ಯಾಸದಿಂದಲೋ, ಅವಳಿಗೂ ಇಂದಿಗೂ ಗೊತ್ತಿಲ್ಲವಂತೆ. ಡಾಕ್ಟರ್ ಆಲ್ವಾರೊಗೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

ಉಳಿದ ಶಿಕ್ಷೆ ಮುಗಿಸಿದ ಮೇಲೆ ಸಿರಿಲನನ್ನು ಊರಿಗೆ ಕಳಿಸಿದರು. ಕಿನ್ನಿಗೋಳಿಯಿಂದ ಮೂಡಬಿದಿರೆಗೆ ಬಸ್ಸಿನಲ್ಲಿ ಎಷ್ಟು ದೂರ ಮಹಾ. ಅಪ್ಪ ಜೋಯ್ಲಿನಳ ಮೇಲೆ ಮುನಿಸಿಕೊಂಡು, ಮತ್ತೆ ಮಾತಾಡಿ, ಈಗ ಮಂಕಾಗಿ ಕೂತಿರುತ್ತಾರಂತೆ. ಲವೀನಾ ಹಗುರಾಗಿದ್ದೇನೆ ಎನ್ನುತ್ತಾಳೆ. ನಾನು ಮಾತ್ರ ಎಲ್ಲಿಯೂ ಸೇರದೆ ಉಳಿದಿದ್ದೇನೆ. ಪ್ರತಿ ವಾಯಿದೆಗೂ ಬಸ್ಸು ಹತ್ತಿ ಹೋದವಳು ನಾನು, ತಮ್ಮನ ಮುಖ ಶವಾಗಾರದಲ್ಲಿ ಗುರುತಿಸಿದವಳು ನಾನು. ಆದರೆ ಅಪ್ಪ ಬದುಕಿರುವಾಗ ಅಕ್ಕನಿಗೆ ರಕ್ತದ ಹಕ್ಕಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಕೊಲ್ಲಿ ಎನ್ನುತ್ತಿರಲಿಲ್ಲ, ಅದು ಖಂಡಿತ. ಕ್ಷಮಿಸಿದೆ ಎನ್ನುತ್ತಿದ್ದೆನೋ ಇಲ್ಲವೋ, ಅದು ಗೊತ್ತಿಲ್ಲ. ಇನ್ನೆರಡು ವರ್ಷಕ್ಕೆ ಕೆಲಸ ಮುಗಿಯುತ್ತದೆ, ಅದರ ಜೊತೆಗೆ ವೀಸಾವೂ ಖಲಾಸ್. ಇಷ್ಟು ಕಾಲ ಇದ್ದ ಈ ದೇಶ ಇರು ಎನ್ನುವುದಿಲ್ಲ.

ಮೊನ್ನೆ ಜೋಯ್ಲಿನ್ ಫೋನು ಮಾಡಿದಳು. "ಆಂಟಿ, ಸಿರಿಲ್ ಅಂಕಲ್ ಸಿಕ್ಕಿದ್ರು, ನಮ್ಮ ಮೀನು ಮಾರ್ಕೆಟಲ್ಲಿ. ನಮ್ಮನ್ನು ನೋಡಿ ಗೋಡೆ ಕಡೆ ತಿರುಗಿ ನಿಂತ್ರು. ಅಜ್ಜಿಯೇ ಅವರ ಹತ್ರ ಹೋಗಿ, ಊಟ ಆಯ್ತಾ ಅಂತ ಕೇಳಿದ್ರು." ಆಮೇಲೆ ಕೇಳಿದಳು, "ನೀವು ಕ್ರಿಸ್ಮಸ್‌ಗೆ ಬರ್ತೀರಲ್ಲ?"

ಆ ಮಾರ್ಕೆಟಿನಲ್ಲಿ ಅವನು ನನಗೂ ಸಿಕ್ಕಿದರೆ ಎಂದುಕೊಂಡೆ. ರಜೆ ಸಿಗಲಿಲ್ಲ ಮಗಾ ಎಂದೆ. ರಜೆ ಮಂಜೂರಾಗಿ ಒಂದು ವಾರವಾಗಿತ್ತು.